ಕೂತ್ಕೊಳ್ಳಿ ಎನ್ನದ ಊರು

ನಮ್ಮ ಊರಿನಲ್ಲಿ ಮನೆಗೆ ಬಂದವರಿಗೆ ಯಾರೂ "ಕೂತ್ಕೊಳ್ಳಿ" ಎನ್ನುವುದಿಲ್ಲ. "ಬನ್ನಿ, ಹೇಗೆ ಬೇಕೋ ಹಾಗಿರಿ" ಎನ್ನುತ್ತೇವೆ. ಬಂದವರು ಕೂರಬಹುದು, ಇಲ್ಲವೆ ಹೊಸ್ತಿಲಿನಿಂದ ಹಿತ್ತಿಲಿಗೂ ಹಿತ್ತಿಲಿನಿಂದ ಹೊಸ್ತಿಲಿಗೂ ನಡೆಯುತ್ತಲೇ ಮಾತಾಡಬಹುದು. ಚಹಾ ಲೋಟವನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿಸುತ್ತೇವೆ, ಅಷ್ಟೆ. ನಡೆಯುವವರ ಕೈಯಲ್ಲಿ ಚೆಲ್ಲುತ್ತದಲ್ಲ. ಇದನ್ನು ನಾನು ಹೇಳುತ್ತಿರುವುದೂ ನಡೆಯುತ್ತಲೇ. ಕೆಲವು ದಿನದಿಂದ ನನ್ನ ಕಡಲು ಎದ್ದಿದೆ. ಹಾಗಾಗಿ ಮಾತು ಎಲ್ಲಾದರೂ ತಟ್ಟನೆ ತಿರುಗಿದರೆ, ಎದುರಿಗೆ ಗೋಡೆ ಬಂತು ಎಂದು ತಿಳಿದುಕೊಳ್ಳಿ.

ಇಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಎಲ್ಲೋ ಒಂದು ತುಂಡು ಕಡಲು ಇರುತ್ತದೆ. ಅಲ್ಲಿ ನೀರು ಮಲಗಿದ್ದರೆ ನಾವೂ ಉಂಡು ಮಲಗಿ ಸುಖವಾಗಿರುತ್ತೇವೆ. ಅಲ್ಲಿ ನೀರು ಎದ್ದರೆ ಇಲ್ಲಿ ಕಾಲು ನಿಲ್ಲುವುದಿಲ್ಲ. ಟೈಲರ್ ಸದಾನಂದನ ಕಡಲು ಹವಳದ ದ್ವೀಪಗಳ ಹತ್ತಿರ. ಅಲ್ಲಿ ಗಾಳಿ ಎದ್ದ ದಿನ ಅವನಿಗೆ ಬಟ್ಟೆ ಕೊಟ್ಟವರು ಒಂದು ತೋಳು ಗಿಡ್ಡವಾಗಿರುವ ಅಂಗಿ ಹಾಕಿಕೊಂಡು ತಿರುಗಬೇಕಾಗುತ್ತದೆ. ಕ್ಷೌರದಂಗಡಿಯವನು ಬಾಗಿಲಲ್ಲಿ ಅತ್ತಿತ್ತ ಹೆಜ್ಜೆ ಹಾಕುತ್ತಿದ್ದರೆ ಬುದ್ಧಿಯಿದ್ದವರು ಗಡ್ಡ ಬಿಟ್ಟುಕೊಂಡೇ ಮನೆಗೆ ಹೋಗುತ್ತಾರೆ. ಸಿನಿಮಾ ಟೆಂಟಿನ ಹಿಂಭಾಗದಲ್ಲಿ ನಡೆಯುವವರಿಗೆಂದೇ ಜಾಗ ಬಿಟ್ಟಿದ್ದಾರೆ. ಮದುವೆಗೆ ನಾವು ಜಾತಕ ನೋಡುವುದಿಲ್ಲ, ಕಡಲು ನೋಡುತ್ತೇವೆ. ಅಕ್ಕಪಕ್ಕದ ಕಡಲಿನವರನ್ನು ಜೋಡಿ ಮಾಡಿದರೆ ಇಬ್ಬರೂ ಒಂದೇ ದಿನ ಮನೆ ತುಂಬ ಓಡಾಡುತ್ತಾರೆ. ಒಲೆಯ ಮುಂದೆ ಯಾರಿರಬೇಕು?

ರೇಡಿಯೋದಲ್ಲಿ ಹವಾಮಾನ ಬರುತ್ತದೆ, ನಾವೂ ಕೇಳುತ್ತೇವೆ. ಅವರು ಹೇಳುವುದು ಸರಿಯಾಗಿಯೇ ಇರುತ್ತದೆ. ಆದರೆ ಪಾಪ, ಅಷ್ಟು ದೊಡ್ಡ ಸಾಗರವನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕು: ನೈರುತ್ಯದಿಂದ ಗಾಳಿ, ಅಲ್ಲಲ್ಲಿ ಗುಡುಗು, ಅಲ್ಲಲ್ಲಿ ಎತ್ತರದ ಅಲೆ. ಆ "ಅಲ್ಲಲ್ಲಿ" ಎಂದರೆ ಎಲ್ಲಿ ಎಂದು ತಿಳಿಯಲು ನಮ್ಮವರು ಪಕ್ಕದ ಮನೆಯ ಬೇಲಿ ಇಣುಕುತ್ತಾರೆ. ಬೆಳಿಗ್ಗೆ ದೋಣಿ ನಿಲ್ಲುವ ದಕ್ಕೆಯ ಮೈಕಿನಲ್ಲಿ ಪೀತಾಂಬರ ಕೂಗುತ್ತಾನೆ: "ಹವಳದ ದ್ವೀಪ, ಸದಾನಂದ ಮಗ್ಗುಲು ಬದಲಿಸಿದ್ದಾನೆ. ತೆಂಕಣ ಜಲಸಂಧಿ, ಅಕ್ಕಮ್ಮಜ್ಜಿ ಎದ್ದು ನಿಂತಿದ್ದಾರೆ, ಆ ಕಡೆ ಹೋಗುವವರು ನೋಡಿಕೊಂಡು ಹೋಗಿ." ಇದರಲ್ಲಿ ನಾಚಿಕೆಯ ವಿಷಯ ಏನೂ ಇಲ್ಲ. ಕಡಲಿನವರ ಮಾನ ಹೋಗುವುದು ಬೇರೆ ಕಾರಣಗಳಿಗೆ.

ನನ್ನ ಪಾಲಿಗೆ ಬಂದಿರುವುದು ಚಂಡಮಾರುತ ಹುಟ್ಟುವ ಕಡಲು. ಭೂಮಧ್ಯದ ಗೆರೆಗೆ ತುಸು ಮೇಲೆ, ಬೆಚ್ಚಗಿನ ನೀರು, ಯಾವಾಗಲೂ ಏನಾದರೊಂದು ಬೇಯುತ್ತಿರುವ ಜಾಗ. ವರ್ಷದಲ್ಲಿ ಅರ್ಧ ನಾನು ಕಾಲ ಮೇಲೆಯೇ ಇರುತ್ತೇನೆ. ನಮ್ಮ ಯಜಮಾನರದು ಗಾಳಿ ಸತ್ತ ಕಡಲು. ಹಿಂದಿನ ಕಾಲದಲ್ಲಿ ಹಾಯಿಹಡಗುಗಳು ಅಲ್ಲಿ ತಿಂಗಳುಗಟ್ಟಲೆ ಅಲುಗದೆ ನಿಲ್ಲುತ್ತಿದ್ದವಂತೆ. ನಮ್ಮವರು ಆರಾಮಕುರ್ಚಿಯಲ್ಲಿ ಹಾಗೆಯೇ ನಿಂತುಬಿಟ್ಟಿದ್ದಾರೆ. ನನ್ನ ಓಡಾಟದ ಗಾಳಿಯೇ ಅವರಿಗೆ ಬೀಸಣಿಗೆ. ನಮಗೆ ಒಬ್ಬಳೇ ಮಗಳು, ಸುಗಂಧಿ. ಅವಳ ಪಾಲಿಗೆ ಬಂದದ್ದು ಅಳಿವೆ.

ಅಳಿವೆ ಎಂದರೆ ನಮ್ಮ ಹೊಳೆ ಕಡಲಿಗೆ ಸೇರುವ ಬಾಯಿ. ಊರಿನ ಪ್ರತಿಯೊಂದು ದೋಣಿಯೂ ಅದನ್ನು ದಾಟಿಯೇ ಹೋಗಬೇಕು, ದಾಟಿಯೇ ಬರಬೇಕು. ಅಲ್ಲಿ ಮುಳುಗಿದವರೇ ಹೆಚ್ಚು. ಆಚೆ ಕಡಲು ಹೇಗಾದರೂ ಇರಲಿ, ಅಳಿವೆ ಮಲಗಿದೆಯೋ ಎದ್ದಿದೆಯೋ ಎಂಬುದು ಮೊದಲ ಪ್ರಶ್ನೆ. ಹಾಗಾಗಿ ನನ್ನ ಮಗಳು ತೊಟ್ಟಿಲಿನಲ್ಲಿ ಇದ್ದಾಗಿನಿಂದಲೂ ಊರಿನ ಗಂಡಸರು ಮುಂಜಾನೆ ನಮ್ಮ ದಾಸವಾಳದ ಬೇಲಿಯ ಮೇಲೆ ತಲೆಯಿಟ್ಟು ನಿಲ್ಲುತ್ತಿದ್ದರು. ಅವಳು ಹೊಟ್ಟೆನೋವು ಎಂದು ಹೊರಳಿದ ದಿನ ದೋಣಿಗಳು ಮರಳಿನ ಮೇಲೆಯೇ ಉಳಿದವು. ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ಕುಣಿದಾಗ ಹೊರಟಿದ್ದ ದೋಣಿಗಳನ್ನೆಲ್ಲ ಕೂಗಿ ವಾಪಸು ಕರೆಸಿದರು. ಆಮೇಲೆ ಅವಳು ಕುಣಿಯಲಿಲ್ಲ. ಮಗಳ ಮೇಲೆ ಊರಿಗೆ ಎಷ್ಟು ಪ್ರೀತಿ ಎಂದು ನಾನು ಮೊದಮೊದಲು ಬೀಗುತ್ತಿದ್ದೆ. ಅವರು ನೋಡುತ್ತಿದ್ದದ್ದು ಅವಳ ಕಾಲನ್ನು ಮಾತ್ರ ಎಂಬುದು ನನಗಿಂತ ಮೊದಲು ಅವಳಿಗೆ ಗೊತ್ತಾಯಿತು.

"ಅಮ್ಮ, ನನಗೆ ಒಮ್ಮೆ ಸುಮ್ಮನೆ ನಡೀಬೇಕು," ಎಂದಿದ್ದಳು ಒಂದು ದಿನ, ಅಕ್ಕಿ ಆರಿಸುತ್ತಾ. "ನಾನು ಎದ್ದರೆ ಎದ್ದೆ ಅಷ್ಟೆ. ಅದರಿಂದ ಯಾರಿಗೂ ಎಂತದೂ ಗೊತ್ತಾಗಬಾರದು."

"ಅಂಥ ಊರು ಎಲ್ಲುಂಟು ಮಾರಾಯ್ತಿ?"

"ಘಟ್ಟದ ಮೇಲೆ ಉಂಟಲ್ಲ. ಅಲ್ಲಿಯವರಿಗೆ ಕಡಲೇ ಇಲ್ಲ."

ಘಟ್ಟದ ಮೇಲಿನಿಂದ ಎರಡು ಸಲ ಗಂಡಿನ ಕಡೆಯವರು ಬಂದು ಹೋಗಿದ್ದರು. ಎರಡು ಸಲವೂ ಅಳಿವೆ ಎದ್ದಿತ್ತು. ಹುಡುಗಿ ಚಹಾ ತಟ್ಟೆ ಹಿಡಿದು ಗೋಡೆಯಿಂದ ಗೋಡೆಗೆ ನಡೆದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹುಡುಗಿಗೆ ಏನೋ ಮೈಮೇಲೆ ಬರುತ್ತದೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದರು. ಮೂರನೆಯ ಸಲ ಬರುವವರ ಸುದ್ದಿ ಬಂದಾಗ ಸುಗಂಧಿ ಕೂರುವುದನ್ನು ಅಭ್ಯಾಸ ಮಾಡಲು ಶುರುಮಾಡಿದಳು. ಅಳಿವೆ ಎದ್ದ ಹೊತ್ತು ನೋಡಿ, ಕೋಣೆಯ ಬಾಗಿಲು ಹಾಕಿಕೊಂಡು, ಮಣೆಯ ಮೇಲೆ ಕೂತು, ಹಲ್ಲು ಕಚ್ಚಿ. ಹೊರಗೆ ಬಂದಾಗ ರವಿಕೆ ಬೆನ್ನಿಗೆ ಅಂಟಿರುತ್ತಿತ್ತು. "ಈ ಸಲ ಎಂತ ಆದರೂ ನಾನು ಏಳುವುದಿಲ್ಲ," ಎಂದಳು. ನಾನು ಬೇಡ ಎನ್ನಲಿಲ್ಲ. ಹೆತ್ತವಳಿಗೆ ಮಗಳು ಹೋಗುವುದು ಬೇಕಿರಲಿಲ್ಲ, ಆದರೆ ಅವಳು ಹೋಗಬೇಕು ಎಂದು ನನಗೆ ಅವಳಷ್ಟೇ ಆಸೆಯಿತ್ತು.

ಅವರು ಬರುವುದಕ್ಕೆ ಕೆಲವು ದಿನ ಮೊದಲು ನನ್ನ ಕಡಲು ಎದ್ದಿತು. ದೂರದ ನನ್ನ ಕಡಲಿನಲ್ಲಿ ಎದ್ದ ನೀರು ಒಮ್ಮೊಮ್ಮೆ ಉಬ್ಬುತ್ತ ಉಬ್ಬುತ್ತ ಬಂದು ನಮ್ಮ ಅಳಿವೆಯಲ್ಲಿ ಬೀಳುತ್ತದೆ. ಇಲ್ಲಿ ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ, ಬಿಸಿಲು ಹೊಳೆಯುತ್ತಿರುತ್ತದೆ, ನೊರೆಯೂ ಇಲ್ಲದ ಅಲೆ ಸದ್ದಿಲ್ಲದೆ ಬಂದು ದೋಣಿಯ ಕೆಳಗೆ ಬೆನ್ನೆತ್ತುತ್ತದೆ. ಒಮ್ಮೊಮ್ಮೆ ದಾರಿ ತಪ್ಪಿ ಬೇರೆಲ್ಲೋ ಹೋಗುತ್ತದೆ. ಬರುತ್ತದೋ ಇಲ್ಲವೋ, ಬಂದರೆ ಯಾವಾಗ ಎಂದು ಆಕಾಶ ನೋಡಿ ಹೇಳುವವರಿಲ್ಲ. ಸುಗಂಧಿಯನ್ನು ನೋಡಿದರೆ ಮಾತ್ರ ತಿಳಿಯುತ್ತಿತ್ತು.

ಬಂದವರು ಇಬ್ಬರೇ. ಹುಡುಗ ತಿಪ್ಪೇಶ, ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಮತ್ತು ಅವನ ತಾಯಿ ಹಾಲಮ್ಮ, ದೊಡ್ಡ ಕುಂಕುಮದ ದೊಡ್ಡ ದನಿಯ ಹೆಂಗಸು. ಚಪ್ಪಲಿ ಬಿಡುವಾಗಲೇ ಆಕೆ ಹೇಳಿದಳು: "ನಮ್ಮ ಕಡೆ ಮೀನು ಅಂದ್ರೆ ಐಸಿನಲ್ಲಿ ಬರೋದೇ ಕಣಮ್ಮ. ತಾಜಾ ಮೀನಿನ ರುಚಿ ಹೆಂಗಿರುತ್ತೋ ದೇವರಿಗೇ ಗೊತ್ತು." ಬಾಗಿಲಲ್ಲಿ ನಿಂತಿದ್ದ ನನ್ನ ತಮ್ಮ ಗುರುವನ ಕಿವಿಗೆ ಅದು ಬಿತ್ತು. ಸೋದರಮಾವ ಅವನು, ನೆಂಟರು ಬಾಯಿಬಿಟ್ಟು ಕೇಳಿದ ಮೇಲೆ ಸುಮ್ಮನಿರುವ ಜನ್ಮ ಅಲ್ಲ. ಮೆಲ್ಲನೆ ಹಿತ್ತಿಲ ಕಡೆ ಜಾರಿದ.

ಸುಗಂಧಿ ಕಿತ್ತಳೆ ಬಣ್ಣದ ಸೀರೆಯುಟ್ಟು ಒಳಗಿನಿಂದ ಬಂದಳು. ಹಾಲಮ್ಮ ಚಾಪೆ ತಟ್ಟಿ, "ಬಾ ತಾಯಿ, ಕೂತ್ಕೋ, ಯಾಕೆ ನಿಂತಿದೀಯ," ಎಂದಳು.

ನಮ್ಮ ಮನೆಯ ಗೋಡೆಗಳು ಆ ಮಾತನ್ನು ಕೇಳಿರಲಿಲ್ಲ. ಆರಾಮಕುರ್ಚಿಯಲ್ಲಿದ್ದ ಯಜಮಾನರು ಸಹ ಕಣ್ಣು ತೆರೆದರು. ಆಕೆ ಪ್ರೀತಿಯಿಂದ ಹೇಳಿದ್ದು ಎಂದು ಗೊತ್ತಿದ್ದರೂ ನನಗೆ ಯಾರೋ ಮಗಳ ಭುಜ ಅದುಮಿದ ಹಾಗಾಯಿತು. ಸುಗಂಧಿ ಮಾತ್ರ ಸೆರಗು ಸರಿಮಾಡಿಕೊಂಡು, ಹಿತ್ತಿಲಿಗೆ ಬೆನ್ನು ಹಾಕಿ, ನೆಟ್ಟಗೆ ಕೂತಳು.

ನನಗೆ ಕೂರುವ ಮಾತೇ ಇರಲಿಲ್ಲ. ಚಕ್ಕುಲಿ ತಂದೆ, ನೀರು ತಂದೆ, ಚಕ್ಕುಲಿಗೆ ಬೇಡವೇ ಬೇಡದ ಚಮಚ ತಂದೆ, ಅದನ್ನು ಒಳಗಿಟ್ಟು ಬಂದೆ. "ಎಷ್ಟು ಉಪಚಾರ ಮಾಡ್ತಾರೆ ನೋಡಪ್ಪ," ಎಂದು ಹಾಲಮ್ಮ ಮಗನಿಗೆ ಹೇಳಿದಳು. ಯಜಮಾನರ ಗಾಂಭೀರ್ಯವನ್ನೂ ಆಕೆ ಬಹಳ ಮೆಚ್ಚಿಕೊಂಡಳು. ಅಡುಗೆಮನೆಗೆ ಹೋದಾಗ ಬೇಲಿಯ ಮೇಲೆ ಗುರುವನ ತಲೆ ಕಾಣಿಸಿತು. ಅವನು ತೆರೆದ ಹಿಂಬಾಗಿಲಿನೊಳಗೆ ನೋಡಿದ. ಸುಗಂಧಿಯ ಬೆನ್ನು, ಜಡೆಯ ತುಂಬ ಅಬ್ಬಲಿಗೆ ಹೂವು, ಅಲುಗದೆ ಕೂತದ್ದು. ನಕ್ಕ.

"ಅಳಿವೆ ಮಲಗಿದೆ ಅಕ್ಕ. ಒಂದು ಒಳ್ಳೆ ಅಂಜಲ್ ಮೀನು ತರ್ತೇನೆ, ಮಸಾಲೆ ಅರೆದಿಡು."

ಅವನ ಹಿಂದೆ ಇನ್ನೂ ಇಬ್ಬರು ಮೂವರು ಇಣುಕಿ ನೋಡಿ, ತಲೆಯಾಡಿಸಿ, ಮರಳಿನ ಕಡೆ ಹೋದರು. ನಾನೂ ಸಂತೋಷದಿಂದಲೇ ಹೂಂ ಎಂದೆ. ಈ ಸಲ ದೇವರು ಕಣ್ಣು ಬಿಟ್ಟ, ಇವತ್ತೇ ಅಳಿವೆಯನ್ನು ಮಲಗಿಸಿದ ಎಂದುಕೊಂಡೆ. ಮೆಣಸು ನೆನೆಹಾಕಿ ಹೊರಗೆ ಬಂದೆ.

ಆಗ ಕಂಡದ್ದು ಸೀರೆಯ ಅಂಚಿನ ಕೆಳಗಿನ ಹೆಬ್ಬೆರಳು. ಅದು ನೆಲವನ್ನು ಕುಟ್ಟುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಹಿಮ್ಮಡಿಯೂ ಸೇರಿಕೊಂಡಿತು. ಮಡಿಲಲ್ಲಿ ಒಂದರ ಮೇಲೊಂದು ಒತ್ತಿಹಿಡಿದ ಕೈಗಳ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಮೇಲ್ದುಟಿಯ ಮೇಲೆ ಬೆವರು. ಮುಖದಲ್ಲಿ ಮಾತ್ರ ನಗು, ಹಾಲಮ್ಮ ಕೇಳಿದ್ದಕ್ಕೆಲ್ಲ ಉತ್ತರ. ಹುಡುಗಿ ಯಾವಾಗಿನಿಂದ ಹೀಗೆ ತಡೆದುಕೊಂಡು ಕೂತಿದ್ದಳೋ. ಅವಳು ಕೂತಿದ್ದಳು, ಅಳಿವೆ ಮಲಗಿರಲಿಲ್ಲ.

ಗುರುವನನ್ನು ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನು ದೋಣಿ ಇಳಿಸುತ್ತಿದ್ದಾನೆ. ಇದರಲ್ಲಿ ಯೋಚಿಸುವುದು ಏನಿದೆ ಎಂದು ನೀವು ಕೇಳಬಹುದು. ಕೇಳಿ. ನೀವು ಅವಳ ಮುಖ ನೋಡಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳು ತನಗೆಂದು ಬಯಸಿದ್ದು ಇದೊಂದನ್ನೇ, ಅದು ಚಾಪೆಯ ಆ ತುದಿಯಲ್ಲಿ ಬಂದು ಕೂತಿತ್ತು, ಇನ್ನು ಸ್ವಲ್ಪ ಹೊತ್ತು ತಡೆದರೆ ಕೈಗೆ ಸಿಗುವುದಿತ್ತು. ನಾನು ಅಡುಗೆಮನೆಗೆ ಹೋದೆ, ಬಂದೆ, ಮತ್ತೆ ಹೋದೆ.  ಮೂರನೆಯ ಸಲ ನೀರಿನ ಚೊಂಬು ಹಿಡಿದುಕೊಂಡು ಬಂದು, ಬಗ್ಗಿ, ಅವಳ ಕಿವಿಯಲ್ಲಿ ಹೇಳಿದೆ:

"ಮಾವ ಬೇಲಿಯಿಂದ ನಿನ್ನನ್ನು ನೋಡಿ ಹೋದ. ಮೀನು ತರ್ಲಿಕ್ಕೆ."

"ಯಾವಾಗ?" ಎಂದಳು ಸುಗಂಧಿ. ಪಿಸುಮಾತಿಗೆ ಅವಳು ಕೊಟ್ಟ ಉತ್ತರ ಮನೆಯಿಡೀ ಕೇಳಿಸಿತು. ಉತ್ತರ ಕೊಡುವಷ್ಟರಲ್ಲಿ ಅವಳು ಎದ್ದಾಗಿತ್ತು.

"ಏನಾಯ್ತಮ್ಮ? ಕೂತ್ಕೋ, ಕೂತ್ಕೋ!" ಎಂದು ಹಾಲಮ್ಮ ಗಾಬರಿಯಿಂದ ಕೈಚಾಚಿದಳು. ಸುಗಂಧಿ ಹಿಂಬಾಗಿಲು ದಾಟಿ, ಬೇಲಿ ಸಂದಿಯಲ್ಲಿ ನುಗ್ಗಿ, ಅಳಿವೆಯ ಪಕ್ಕದ ಕಲ್ಲಿನ ತಡೆಗೋಡೆಯ ಕಡೆ ಓಡಿದಳು. ದಾಸವಾಳದ ಕೊಂಬೆಗೆ ಸೆರಗಿನ ಅಂಚು ಸಿಕ್ಕಿ ಹರಿಯಿತು. ನಾನು ಹಿಂದೆಯೇ ಓಡಿದೆ. ಆವತ್ತು ಒಂದು ದಿನವಾದರೂ ನನ್ನ ಎದ್ದ ಕಾಲು ಉಪಯೋಗಕ್ಕೆ ಬಂತು.

ನಮ್ಮವರಲ್ಲಿ ಒಂದು ರೂಢಿ ಇದೆ. ಅಳಿವೆಯ ಬಾಯಿಗೆ ಬಂದಾಗ ದೋಣಿಯವನು ಒಮ್ಮೆ ಹಿಂದಿರುಗಿ ದಡ ನೋಡುತ್ತಾನೆ. ಹಿರಿಯರು ಯಾಕೆ ಮಾಡಿದರೋ, ಈಗ ಎಲ್ಲರೂ ನೋಡುವುದು ನಮ್ಮ ಮನೆಯ ಕಡೆಗೆ. ಸುಗಂಧಿ ತಡೆಗೋಡೆ ಹತ್ತಿ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದಳು. ಇಷ್ಟು ಹೊತ್ತು ಹಿಡಿದಿಟ್ಟದ್ದೆಲ್ಲ ಕಾಲಿಗೆ ಬಂದಿತ್ತು. ಮರಳಿನಲ್ಲಿ ದೋಣಿ ನೂಕುತ್ತಿದ್ದವರು ಅವಳನ್ನು ಕಂಡು ಕೈಬಿಟ್ಟರು. ಗುರುವನ ದೋಣಿ ಬಾಯಿಯ ನಡುವೆ ಹೋಗಿಯಾಗಿತ್ತು. ಬಿಸಿಲು ಹೊಳೆಯುತ್ತಿತ್ತು, ಒಂದೆಲೆ ಅಲುಗುವ ಗಾಳಿಯೂ ಇರಲಿಲ್ಲ. ಆಚೆಯಿಂದ ನೀರು ಮಾತ್ರ ಬೆನ್ನೆತ್ತಿಕೊಂಡು ಬರುತ್ತಿತ್ತು. ನನ್ನ ಕಡಲಿನ ನೀರು. ನಾನು ಅದನ್ನು ಗುರುತಿಸಿದೆ.

ಗುರುವ ಹಿಂದಿರುಗಿ ನೋಡಿದ. ಅವನ ಕೈ ಒಮ್ಮೆ ಗಾಳಿಯಲ್ಲಿ ನಿಂತಿತು. ಆಮೇಲೆ ಎಂಜಿನ್ ತಿರುಗಿಸಿ ದೋಣಿಯನ್ನು ದಡದ ಕಡೆ ಹೊರಳಿಸಿದ. ಮೊದಲ ಅಲೆ ದೋಣಿಯನ್ನು ಎತ್ತಿ ಒಳಕ್ಕೆ ತಂದಿತು, ಎರಡನೆಯದು ಅದನ್ನು ಮರಳುದಿಬ್ಬದ ಮೇಲೆ ಮಗುಚಿ ಹಾಕಿತು. ಮೂರನೆಯದು ಬಾಯಿಯ ಹೊರಗೇ ಒಡೆಯಿತು, ಅವನು ಮುಂದೆ ಹೋಗಿದ್ದರೆ ಇರುತ್ತಿದ್ದ ಜಾಗದಲ್ಲಿ. ಅಷ್ಟು ದೊಡ್ಡ ಸದ್ದನ್ನು ನಾನು ಕೇಳಿರಲಿಲ್ಲ. ನೀರಿನ ಮೇಲೆ ದೋಣಿಯ ಹೊಟ್ಟೆ ಕಾಣುತ್ತಿತ್ತು, ಗುರುವ ಕಾಣುತ್ತಿರಲಿಲ್ಲ. ನಾನು ಯಾವ ದೇವರ ಹೆಸರು ಕೂಗಿದೆನೋ ನನಗೇ ನೆನಪಿಲ್ಲ. ಮರಳಿನಲ್ಲಿದ್ದ ಗಂಡಸರು ಹಗ್ಗ ಹಿಡಿದು ನೀರಿಗೆ ಬಿದ್ದರು, ಅವರು ತಲುಪುವ ಮೊದಲು ದೋಣಿಯ ಆಚೆ ಬದಿಯಲ್ಲಿ ಒಂದು ತಲೆ, ಕೆಮ್ಮುತ್ತ, ಬೈಯುತ್ತ ಮೇಲೆ ಬಂತು. ಆ ಬೈಗುಳ ಕೇಳಿ ನಾನು ಅತ್ತುಬಿಟ್ಟೆ.

ಸುಗಂಧಿ ಅಳುತ್ತಿದ್ದಳು, ಆದರೆ ನಿಲ್ಲಲು ಆಗುತ್ತಿರಲಿಲ್ಲ. ಅವಳ ಪಕ್ಕದಲ್ಲಿ, ಯಾವಾಗ ಬಂದನೋ, ತಿಪ್ಪೇಶ ನಡೆಯುತ್ತಿದ್ದ. ಅವಳು ತುದಿಗೆ ಬಂದು ತಿರುಗಿದಾಗ ಅವನೂ ತಿರುಗುತ್ತಿದ್ದ. ಕಲ್ಲಿನ ಮೇಲೆ ನಡೆದು ರೂಢಿಯಿಲ್ಲದೆ ಎರಡು ಸಲ ಎಡವಿದ. ನಾನು ಅಷ್ಟು ಹೊತ್ತು ನೋಡಿದೆ, ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬಾಯಿಲ್ಲದ ಪ್ರಾಣಿಗಳ ಜೊತೆ ಕೆಲಸ ಮಾಡುವವನು, ಅದರಿಂದ ಕಲಿತದ್ದಿರಬೇಕು.

ಗುರುವ ಟವೆಲು ಹೊದ್ದುಕೊಂಡು, ಹಣೆಗೆ ಅರಿಶಿನ ಮೆತ್ತಿಸಿಕೊಂಡು ನೆಂಟರ ಮುಂದೆ ಬಂದು ನಿಂತ. "ಮೀನು ಸಿಗಲಿಲ್ಲ, ಬೇಜಾರು ಮಾಡಬೇಡಿ," ಎಂದ. ಆಮೇಲೆ ಸೋದರಸೊಸೆಯ ಕಡೆ ತಿರುಗಿ ಸಣ್ಣ ದನಿಯಲ್ಲಿ, "ನೀನು ಕೂತಿದ್ದೆಯಲ್ಲ?" ಎಂದು ಕೇಳಿದ.

"ಹೌದು ಮಾವ. ಕೂತಿದ್ದೆ," ಎಂದಳು ಸುಗಂಧಿ.  ದೋಣಿಯ ಹಲಗೆ ಮೂರು ಕಡೆ ಒಡೆದಿತ್ತು, ಬಲೆ ಹೋಗಿತ್ತು.

ಬೇಳೆಸಾರು ಬಡಿಸಿದೆ. ಹಾಲಮ್ಮ ದೊಡ್ಡ ದನಿಯನ್ನು ಎಲ್ಲೋ ಇಟ್ಟು ಮರೆತವಳಂತೆ ಊಟ ಮಾಡಿದಳು. ಬಸ್ಸಿನವರೆಗೆ ಬಿಡಲು ಹೋದೆ. ಮೂರನೆಯ ಸಂಬಂಧವೂ ಹೋಯಿತು ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಬಸ್ಸು ಹತ್ತಿ ಕಿಟಕಿಯಲ್ಲಿ ಮುಖವಿಟ್ಟು ಆಕೆ, "ನಮ್ಮ ಮನೆ ಜಗಲಿ ಬಹಳ ಉದ್ದ ಇದೆ ಕಣಮ್ಮ," ಎಂದಳು. ಇದೇನು, ಹೋಗುವಾಗ ಮನೆಯ ಬಡಿವಾರ ಹೇಳಿಕೊಂಡು ಹೋಗುತ್ತಾಳಲ್ಲ ಎಂದು ಸಿಟ್ಟೇ ಬಂತು. ಬಸ್ಸು ತಿರುವು ದಾಟಿದ ಮೇಲೆ ಅರ್ಥವಾಯಿತು.

ಮದುವೆ ಗೊತ್ತಾದ ಮೇಲೆ ಊರು ಎರಡು ತಿಂಗಳು ನನ್ನ ಮೇಲೆ ಹರಿಹಾಯ್ದಿತು. "ಅಳಿವೆಯನ್ನೇ ಮದುವೆ ಮಾಡಿ ಕಳಿಸ್ತೀಯಲ್ಲ, ನಾವೆಂತ ಮಾಡುವುದು?" ಎಂದು ದಕ್ಕೆಯಲ್ಲಿ ಅಡ್ಡಗಟ್ಟಿ ಕೇಳಿದರು. ಅವರದೂ ತಪ್ಪಲ್ಲ, ಹೊಟ್ಟೆಪಾಡು, ಪ್ರಾಣದ ಪ್ರಶ್ನೆ. ಪೀತಾಂಬರ ಒಂದು ದಾರಿ ಹುಡುಕಿದ: ದಿನಾ ಬೆಳಿಗ್ಗೆ ಫೋನ್ ಮಾಡಿ ಕೇಳಿದರಾಯಿತು, ಮೈಕಿನಲ್ಲಿ ಅವನು ಕೂಗುತ್ತಾನೆ. ಎಲ್ಲರಿಗೂ ಸಮಾಧಾನವಾಯಿತು. ಸುಗಂಧಿ ಮಾತ್ರ ನನ್ನ ಕೈಹಿಡಿದು ಕೂರಿಸಲು ನೋಡಿ, ಆಗದೆ, ನನ್ನ ಜೊತೆ ನಡೆಯುತ್ತಾ ಹೇಳಿದಳು: "ಫೋನ್ ಮಾಡ್ತೇನೆ ಅಮ್ಮ. ಆದರೆ ಅಳಿವೆ ಹೇಗುಂಟು ಅಂತ ಯಾರೂ ಕೇಳಬಾರದು. ನೀನೂ ಕೇಳಬಾರದು. ಕೇಳಿದರೆ ಮತ್ತೆ ಅಲ್ಲಿಯೂ ನನಗೆ ಬೇಲಿ ಹಾಕಿದ ಹಾಗೆ ಆಗ್ತದೆ."

ನಾನು ಮಾತು ಕೊಟ್ಟೆ. ಊರಿಗೆ ಅದನ್ನು ಹೇಳಿದೆ, ಬೈಸಿಕೊಂಡೆ. ಅವಳು ಹೋದ ಮೇಲೆ ನಮ್ಮ ದಾಸವಾಳ ಯಾರ ಗದ್ದವೂ ತಾಗದೆ ಗೊಂಚಲು ಗೊಂಚಲು ಹೂಬಿಟ್ಟಿತು. ದೋಣಿಯವರು ತಡೆಗೋಡೆಯ ಮೇಲೆ ನಿಂತು ತುಂಬ ಹೊತ್ತು ನೀರು ನೋಡಿ, ಅವರವರಲ್ಲೇ ಜಗಳವಾಡಿ, ಆಮೇಲೆ ಇಳಿಯುವುದನ್ನು ಕಲಿತರು. ಹೆದರಿ ಹೋಗದ ದಿನ ಎಷ್ಟೋ ಸಲ ಅಳಿವೆ ನಿದ್ದೆಹೋಗಿರುತ್ತಿತ್ತು. ಹೆದರದೆ ಹೋದ ದಿನ ನನಗೆ ಅನ್ನ ಇಳಿಯುತ್ತಿರಲಿಲ್ಲ. ಸುಗಂಧಿ ಫೋನ್ ಮಾಡುತ್ತಿದ್ದಳು. ನಾನು ಅತ್ತೆ, ಅಡುಗೆ, ಕರುವಿನ ವಿಷಯ ಕೇಳುತ್ತಿದ್ದೆ. ಕೇಳಬೇಕಾದ ಒಂದೇ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು, ನುಂಗುತ್ತಿದ್ದೆ.

ಇವತ್ತು ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ತಡೆಗೋಡೆಯ ಮೇಲೆ ನಿಂತವರು ನೋಡಿ, ನೀರು ಮಲಗಿದೆ, ಇಳಿಯಬಹುದು ಎಂದು ಒಂದೇ ಬಾಯಲ್ಲಿ ಹೇಳಿದ್ದರಂತೆ. ಫೋನು ಬಂದಾಗ ನಾನು ಅಂಗಳದಲ್ಲಿ ಸುತ್ತು ಹಾಕುತ್ತಿದ್ದೆ.

"ಅಮ್ಮ, ನಿನ್ನೆ ಸಂಜೆಯಿಂದ ಜಗಲಿಯಲ್ಲಿ ನಡೀತಾ ಇದ್ದೇನೆ," ಎಂದಳು. "ಇಲ್ಲಿ ಯಾರೂ ಎಂತದೂ ಕೇಳಲಿಲ್ಲ. ಅತ್ತೆ ಬಂದು ದಾರಿಯಲ್ಲಿದ್ದ ಕಾಲುಮಣೆ ತೆಗೆದಿಟ್ಟು ಹೋದರು, ಅಷ್ಟೇ."

ನನ್ನ ಸುತ್ತು ತಪ್ಪಿ ಕಾಲು ಬೇಲಿಯ ಕಡೆ ತಿರುಗಿತು. ಆದರೂ ಮಾತು ಮಾತೇ. "ತಿಂಡಿ ಆಯಿತಾ?" ಎಂದೆ.

"ನೀನೂ ಕೇಳಲಿಲ್ಲ."

"ಕೇಳುವುದಿಲ್ಲ ಅಂತ ಹೇಳಿದ್ದೆನಲ್ಲ ಮಗಳೇ."

 ಹೆಜ್ಜೆಯ ಸದ್ದು ಮಾತ್ರ ಬರುತ್ತಿತ್ತು.

"ಕೇಳಲಿಲ್ಲ ಅಂತಲೇ ಹೇಳ್ತಾ ಇದ್ದೇನೆ. ಮಾವನಿಗೆ ಹೇಳು, ಇವತ್ತು ಬೇಡ."

ಫೋನನ್ನು ತುಳಸಿಕಟ್ಟೆಯ ಮೇಲಿಟ್ಟು ಓಡಿದೆ. ಗುರುವ ದೋಣಿಗೆ ಹೆಗಲು ಕೊಟ್ಟಿದ್ದ, ಮುಂಭಾಗ ನೀರು ಮುಟ್ಟಿತ್ತು. "ಬೇಡ ಗುರುವ, ಸುಗಂಧಿ ಹೇಳಿದಳು!" ಎಂದು ಕೂಗಿದೆ. ಅವನು ತಲೆಯೆತ್ತಿ, ನೀರನ್ನು ನೋಡಿ, ನನ್ನನ್ನು ನೋಡಿ, "ನೀನು ಕೇಳಿದೆಯಾ?" ಎಂದ. "ಇಲ್ಲ. ಅವಳೇ ಹೇಳಿದಳು," ಎಂದೆ. ಅವನು ದೋಣಿಯನ್ನು ಹಿಂದಕ್ಕೆ ಎಳೆಯತೊಡಗಿದ. ಉಳಿದವರೂ ಕೈಹಾಕಿದರು.

ಅಂಗಳಕ್ಕೆ ಬಂದಾಗ ಫೋನು ಇನ್ನೂ ಕಟ್ಟಾಗಿರಲಿಲ್ಲ. ಅವಳೂ ಫೋನನ್ನು ಕೆಳಗಿಟ್ಟಿದ್ದಳೋ ಏನೋ, ಘಟ್ಟದ ಮೇಲಿನ ಆ ಉದ್ದ ಜಗಲಿಯಲ್ಲಿ ಕಾಲ್ಗೆಜ್ಜೆ ದೂರ ಹೋಗುತ್ತಿತ್ತು, ತಿರುಗುತ್ತಿತ್ತು, ಹತ್ತಿರ ಬರುತ್ತಿತ್ತು. ಫೋನನ್ನು ಕಿವಿಗೆ ಹಿಡಿದುಕೊಂಡು ನಾನೂ ನಡೆಯತೊಡಗಿದೆ.